ಮುರುಗಲ ರಸ ಹೊಯ್ದ ಕೈ

ಮಳೆ ಬೀಳುವ ಮುಂಚಿನ ಆ ಗಡಿಬಿಡಿಯಲ್ಲಿ ತಾಮ್ರದ ತಪ್ಪಲೆಗೆ ಮುರುಗಲ ರಸ ಹೊಯ್ದವರು ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದೇ ಬಹಳ ಕಾಲ ನಂಬಿದ್ದೆ. ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ: ಅಂಗಳದ ಮೇಲೆ ಕಪ್ಪಾಗಿ ಇಳಿದ ಆಕಾಶ, ಗಾಳಿಗೆ ಎದ್ದು ಮಡಚಿಕೊಳ್ಳುತ್ತಿದ್ದ ಚಾಪೆಯ ಅಂಚು, ಪಾತ್ರೆಯಿಂದ ಪಾತ್ರೆಗೆ ಬೀಳುತ್ತಿದ್ದ ದಪ್ಪ ಕೆಂಪು ಧಾರೆ, ಪಾತ್ರೆ ಹಿಡಿದ ಎರಡು ಕೈಗಳು, ಆ ಕೈಗಳಲ್ಲಿ ಹಸಿರು ಗಾಜಿನ ಬಳೆ. ಅಜ್ಜ ತೀರಿಹೋಗಿದ್ದರಿಂದ ಅಜ್ಜಿ ಬಳೆ ತೊಡುತ್ತಿರಲಿಲ್ಲ. ಬಳೆ ಇದ್ದದ್ದು ಆಯಿಯ ಕೈಯಲ್ಲಿ. ಹಾಗಾಗಿ ರಸ ಹೊಯ್ದವಳು ನನ್ನ ತಾಯಿಯೇ ಎಂದು ತೀರ್ಮಾನಿಸಿ ಕೂತಿದ್ದೆ. ಈಚೆಗೆ ಅಂಕೋಲೆಯಲ್ಲಿರುವ ಅಕ್ಕ ಸುಮನಾಳಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡು ಹೇಳಿದಳು:

“ತಮಾ, ಗುಡುಗು ಶುರುವಾದ್ರೆ ನೀ ಮಂಚದ ಅಡಿಗೆ ಹೋಗಿ ಕಿವಿ ಮುಚ್ಕಂಡು ಮಲಗ್ತಿದ್ದೆ. ಅಲ್ಲಿಂದ ನಿಂಗೆ ಅಂಗಳ ಹ್ಯಾಂಗೆ ಕಂಡ್ತು?”

ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಆಮೇಲೆ ಒಂದು ಕಾಲೇಜಿನಲ್ಲಿ ನಿವೃತ್ತಿಯವರೆಗೂ ಅದನ್ನೇ ಕಲಿಸಿದವನು ನಾನು. ಪ್ರಯೋಗದಲ್ಲಿ ಕಂಡದ್ದನ್ನು ಬರೆಯಿರಿ, ಕಾಣಬೇಕೆಂದುಕೊಂಡದ್ದನ್ನು ಬರೆಯಬೇಡಿ ಎಂದು ಹುಡುಗರಿಗೆ ಪ್ರತಿವರ್ಷ ಹೇಳುತ್ತಿದ್ದೆ. ಅದೇ ಮಾತನ್ನು ನನ್ನ ನೆನಪಿಗೆ ಹೇಳಿದರೆ ಅದು ತಲೆ ತಗ್ಗಿಸುತ್ತದೆ. ಆಯಿ ದಿನವೂ ಏನಾದರೊಂದನ್ನು ಬಗ್ಗಿಸುತ್ತಲೇ ಇದ್ದಳು, ಗಂಜಿ, ಎಣ್ಣೆ, ಬಿಸಿನೀರು, ಮೀನಿನ ಸಾರು. ಬಳೆ ಆ ಯಾವುದೋ ದಿನದ್ದಿರಬಹುದು, ಕೆಂಪು ಧಾರೆ ಇನ್ನೊಂದು ದಿನದ್ದು. ಎರಡನ್ನೂ ಜೋಡಿಸಿ ಹೊಲಿದವನು ನಾನೇ ಇರಬಹುದು. ಆದರೂ ಇದನ್ನು ಬರೆಯುತ್ತಿದ್ದೇನೆ. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ಇಲ್ಲದಿದ್ದರೆ ನಾನು ಈ ಬಗೆಯ ಮನುಷ್ಯನಾಗುತ್ತಿರಲಿಲ್ಲ ಎಂಬ ಗುಮಾನಿ ನನಗಿದೆ.

ಅವರ್ಸಾದ ನಮ್ಮ ಮನೆ ಗದ್ದೆಗೂ ತೆಂಗಿನ ಸಾಲಿಗೂ ನಡುವೆ ಇತ್ತು. ಎದುರಿಗೆ ಜಗಲಿ, ಒಳಗೆ ಒಂದು ದೊಡ್ಡ ಕೋಣೆ, ಅದರ ಹಿಂದೆ ಹಗಲಲ್ಲೂ ಕತ್ತಲಿರುತ್ತಿದ್ದ ಅಡುಗೆಮನೆ. ಅಡುಗೆಮನೆಯ ಪಕ್ಕದಲ್ಲಿ ಒಬ್ಬರು ಅಡ್ಡ ನಿಂತರೆ ಇನ್ನೊಬ್ಬರು ದಾಟಲಾಗದ ಒಂದು ಸಣ್ಣ ಕೋಣೆ, ಅಲ್ಲಿ ಭರಣಿಗಳು. ಮಿಡಿ ಉಪ್ಪಿನಕಾಯಿಯ ಭರಣಿ, ಹುಣಸೆಹಣ್ಣಿನದು, ಉಪ್ಪಿನದು, ಉಳಿದವೆಲ್ಲ ಮುರುಗಲಿನವು. ಬಾವಿಯ ಹಿಂದಿನ ಮುರುಗಲ ಮರ ಏಪ್ರಿಲ್ ಕಳೆಯುವ ಹೊತ್ತಿಗೆ ಕೆಂಪಾಗುತ್ತಿತ್ತು. ದಕ್ಷಿಣದ ಕಡೆಯವರು ಪುನರ್ಪುಳಿ ಎನ್ನುತ್ತಾರಲ್ಲ, ಅದೇ ಹಣ್ಣು. ಹಣ್ಣು ಆರಿಸಿ ತಂದು ಎರಡು ಹೋಳು ಮಾಡುವುದು, ಬಿಳಿ ತಿರುಳನ್ನೂ ಬೀಜವನ್ನೂ ಬೇರೆ ಮಾಡುವುದು, ಸಿಪ್ಪೆಯನ್ನು ಚಾಪೆಯ ಮೇಲೆ ಹರಡುವುದು. ತಿರುಳಿನ ರಸಕ್ಕೆ ಉಪ್ಪು ಕಲಸಿ ಅದರಲ್ಲಿ ಒಣಗಿದ ಸಿಪ್ಪೆಯನ್ನು ಅದ್ದಿ ಮತ್ತೆ ಒಣಗಿಸುವುದು, ಮತ್ತೆ ಅದ್ದುವುದು. ಸಿಪ್ಪೆ ಕಪ್ಪಾಗಿ, ಚರ್ಮದ ಹಾಗೆ ಬಗ್ಗುವವರೆಗೆ ಇದೇ ಕೆಲಸ. ಅಷ್ಟು ದಿನ ಮನೆಯ ಎಲ್ಲರ ಬೆರಳೂ ಕೆಂಪು, ಎಲ್ಲರ ಮಾತೂ ಆಕಾಶದ ಬಗ್ಗೆ. ಬೀಜವನ್ನೂ ಬಿಸಾಡುತ್ತಿರಲಿಲ್ಲ. ಒಣಗಿಸಿ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಉಂಡೆ ಕಟ್ಟಿದರೆ ಅದು ಮುರುಗಲ ತುಪ್ಪ. ಗದ್ದೆಯ ಕೆಸರಲ್ಲಿ ಸಸಿ ನೆಟ್ಟಿ ಮಾಡುವವರ ಹಿಮ್ಮಡಿ ಒಡೆದರೆ ಅದನ್ನೇ ಕಾಯಿಸಿ ಬಿಡುತ್ತಿದ್ದರು. ರಸ ತೆಗೆದು ಮಿಕ್ಕ ಹಿಂಡಿದ ಸಿಪ್ಪೆಯಿಂದ ಅಜ್ಜಿ ತಾಮ್ರದ ಕೊಡಗಳನ್ನು ತಿಕ್ಕುತ್ತಿದ್ದಳು. ಆ ಕೊಡಗಳು ಬಾವಿಕಟ್ಟೆಯ ಮೇಲೆ ಹೊಸದಾಗಿ ಎರಕ ಹೊಯ್ದ ಹಾಗೆ ಹೊಳೆಯುತ್ತಿದ್ದವು.

ಅಜ್ಜಿಯ ಹೆಸರು ಹೊನ್ನಮ್ಮ, ಊರಿಗೆಲ್ಲ ಹೊನ್ನಕ್ಕ. ಅವಳದು ಸಕ್ಕರೆಯ ಔಷಧಿ. ಹಸಿ ಸಿಪ್ಪೆಯ ಬಟ್ಟಲುಗಳಿಗೆ ಸಕ್ಕರೆ ತುಂಬಿ ಭರಣಿಯಲ್ಲಿ ಒತ್ತೊತ್ತಾಗಿ ಜೋಡಿಸಿ, ಬಾಯಿಗೆ ಬಟ್ಟೆ ಕಟ್ಟಿ ಬಿಸಿಲಿಗೆ ಇಟ್ಟರೆ ಸಕ್ಕರೆ ಕರಗಿ ಗಟ್ಟಿ ರಸ ಬಿಡುತ್ತಿತ್ತು. ಅದಕ್ಕೆ ಜೀರಿಗೆ ಪುಡಿ. ಮೈಮೇಲೆ ಪಿತ್ತದ ಗಂಧೆ ಎದ್ದವರು, ಬಿಸಿಲಿಗೆ ತಲೆ ಸುತ್ತಿದವರು, ಹೊಟ್ಟೆಯಲ್ಲಿ ಉರಿ ಎಂದವರು ಎಲ್ಲ ಲೋಟ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಅದಕ್ಕೆ ಹಣ ತೆಗೆದುಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಒಂದೇ ನಿಯಮ, ಬಂದವರು ಹೊಸ್ತಿಲ ಆಚೆ ನಿಂತು ಪಾತ್ರೆ ಚಾಚಬೇಕು, ಅಜ್ಜಿ ಈಚೆಯಿಂದ ತನ್ನ ಕೈಯಾರೆ ಹೊಯ್ಯಬೇಕು. ಮನೆಯಲ್ಲಿ ಎಷ್ಟೇ ಜನರಿದ್ದರೂ ಬೇರೆಯವರು ಕೊಡುವ ಹಾಗಿಲ್ಲ. ಅಜ್ಜಿ ಗದ್ದೆಯಲ್ಲಿದ್ದರೆ ಬಂದವರು ಕಾಯುತ್ತಿದ್ದರು. ಔಷಧಿ ಹತ್ತುವುದು ಹಣ್ಣಿನಿಂದ ಅಲ್ಲ, ಹೊನ್ನಕ್ಕನ ಕೈಗುಣದಿಂದ ಎಂದು ಅವರ್ಸಾದ ನಮ್ಮ ಕೇರಿ ನಂಬಿತ್ತು. ನನಗೂ ಪಿತ್ತದ ಗಂಧೆ ಏಳುತ್ತಿತ್ತು. ಅಜ್ಜಿ ನನ್ನನ್ನು ಕೂಡ ಹೊಸ್ತಿಲ ಆಚೆ ನಿಲ್ಲಿಸಿಯೇ ಕೊಡುತ್ತಿದ್ದಳು, ಮೊಮ್ಮಗನೆಂದು ರಿಯಾಯಿತಿ ಇರಲಿಲ್ಲ. ಕೈಗುಣ ಎಂಬುದಿಲ್ಲ, ಗಂಧೆ ತಾನಾಗಿಯೇ ಇಳಿಯುತ್ತದೆ ಎಂದು ಈಗ ನನಗೆ ಗೊತ್ತು. ಆದರೆ ಆ ಲೋಟ ಬಾಯಿಗೆ ತಾಗಿದ ಕೂಡಲೇ ತುರಿಕೆ ಕಡಿಮೆಯಾಗುತ್ತಿದ್ದದ್ದೂ ಗೊತ್ತು. ಎರಡನ್ನೂ ಇಟ್ಟುಕೊಂಡಿದ್ದೇನೆ.

ಆಯಿ ಮಾಜಾಳಿಯವಳು, ಕಾಳಿ ನದಿಯ ಆಚೆಯ ಊರು. ಅವಳ ತವರಿನಲ್ಲಿ ಕೊಂಕಣಿ. ಅತ್ತೆ ಎನ್ನಲು ಅವಳಿಗೆ ಬಾಯಿ ತಿರುಗಲೇ ಇಲ್ಲ, ಕೊನೆಯವರೆಗೂ ಅಜ್ಜಿಯನ್ನು ಮಾಂಯ್ ಎಂದೇ ಕರೆದಳು. ಮುರುಗಲಿಗೆ ಅವಳು ಭಿರಂಡ ಎನ್ನುತ್ತಿದ್ದಳು. ಆ ಹಣ್ಣಿನಿಂದ ಮಾಡಬೇಕಾದ್ದು ಆಗಳ್, ಅಂದರೆ ಸಕ್ಕರೆ ಹಾಕದೆ ಬರೀ ಉಪ್ಪಿನಲ್ಲಿ ಕೆಡದಂತೆ ಇಟ್ಟ ರಸ ಎಂಬುದು ಅವಳ ಖಚಿತ ಅಭಿಪ್ರಾಯ. ತೆಂಗಿನ ಹಾಲಿಗೆ ಅದನ್ನು ಕಲಸಿ ಊಟದ ಕೊನೆಗೆ ಕುಡಿಯಲು ಕೊಟ್ಟರೆ ಅಪ್ಪ ಎರಡು ಸಲ ಕೇಳುತ್ತಿದ್ದ. ಅಜ್ಜಿಗೆ ಅದು ಸರಿಬರುತ್ತಿರಲಿಲ್ಲ. ಚಾಪೆಯ ಜಾಗಕ್ಕೆ, ಭರಣಿಗೆ, ಬಿಸಿಲಿಗೆ ಕೂಡ ಅವರಿಬ್ಬರ ನಡುವೆ ಜಗಳ. ಜೋರು ದನಿಯದಲ್ಲ, ಕೆಲಸ ಮಾಡುತ್ತಲೇ ಒಬ್ಬರನ್ನೊಬ್ಬರು ನೋಡದೆ ಆಡುವ ಜಗಳ.

“ಉಪ್ಪು ಹಾಕಿದ್ರೆ ಅದು ಔಷಧಿ ಅಲ್ಲ, ಸಾರು,” ಎನ್ನುತ್ತಿದ್ದಳು ಅಜ್ಜಿ.

“ಸಕ್ರೆ ಹಾಕಿದ್ರೂ ಔಷಧಿ ಅಲ್ಲ ಮಾಂಯ್. ಮದ್ವೆ ಮನೆ ಪಾನಕ,” ಎನ್ನುತ್ತಿದ್ದಳು ಆಯಿ.

ಅಪ್ಪ ಕಾರವಾರದಲ್ಲಿ ಗುಮಾಸ್ತ. ಬೆಳಿಗ್ಗೆ ಅಜ್ಜಿಯ ಪಾನಕ ಕುಡಿದು ಬಸ್ಸಿಗೆ ಹೋಗುತ್ತಿದ್ದ, ಸಂಜೆ ಬಂದು ಆಯಿಯ ಆಗಳ್ ಕುಡಿಯುತ್ತಿದ್ದ, ಎರಡೂ ಚೆನ್ನಾಗಿದೆ ಎನ್ನುತ್ತಿದ್ದ. ಇದರಿಂದ ಇಬ್ಬರಿಗೂ ಅವನ ಮೇಲೆ ಸಿಟ್ಟು. ಆದರೆ ಜಗಳದ ಅಡಿಯಲ್ಲಿ ಇನ್ನೊಂದು ವಿಷಯ ಇತ್ತು ಎಂದು ಸುಮನಕ್ಕ ಹೇಳುತ್ತಾಳೆ, ನನಗೂ ಅದು ಸರಿ ಎನಿಸುತ್ತದೆ. ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಆ ಹೊಸ್ತಿಲ ಮೇಲೆ ನಿಂತು ಯಾರಿಗೂ ಒಂದು ಲೋಟ ಕೊಡುವ ಅಧಿಕಾರ ಆಯಿಗೆ ಸಿಕ್ಕಿರಲಿಲ್ಲ. ಹಣ್ಣು ಕೊಯ್ಯಬಹುದು, ಹೋಳು ಮಾಡಬಹುದು, ಕುಟ್ಟಬಹುದು, ಕೊಡುವಂತಿಲ್ಲ. ಆ ಮನೆಯಲ್ಲಿ ಅವಳು ಇನ್ನೂ ಹೊರಗಿನಿಂದ ಬಂದವಳೇ.

ಆ ವರ್ಷ ಮರ ಹುಚ್ಚು ಹಿಡಿದಂತೆ ಬಿಟ್ಟಿತ್ತು. ಭರಣಿಗಳೆಲ್ಲ ತುಂಬಿ, ಸಿಪ್ಪೆ ಅದ್ದುವ ಉಪ್ಪುರಸ ಅಗಲ ಬಾಯಿಯ ಬೋಗುಣಿಗಳಲ್ಲಿ ಅಂಗಳದಲ್ಲೇ ಇತ್ತು. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಕಡಲ ಕಡೆಯಿಂದ ಮೋಡ ಎದ್ದಿತು. ಇಲ್ಲಿಂದ ಮುಂದಿನದಕ್ಕೆ ಮಂಚದ ಅಡಿಯ ಸಾಕ್ಷಿ ನಾನು, ಆದ್ದರಿಂದ ಅಕ್ಕನ ಮಾತನ್ನೇ ಬರೆಯುತ್ತೇನೆ. ಅಜ್ಜಿ, ಆಯಿ, ಅಕ್ಕ ಮೂವರೂ ಓಡಾಡಿ ಚಾಪೆಗಳನ್ನು ಸುತ್ತಿ ಒಳಗೆ ಎಳೆದರು. ಬೋಗುಣಿಯ ರಸಕ್ಕೆ ಬೇರೆ ಪಾತ್ರೆ ಇರಲಿಲ್ಲ. ಜಗಲಿಯ ಮೂಲೆಯಲ್ಲಿ ದೊಡ್ಡ ತಾಮ್ರದ ತಪ್ಪಲೆ ಖಾಲಿ ಇತ್ತು, ಹಬ್ಬಕ್ಕೆ ಪಾಯಸ ಮಾಡುವಂಥದ್ದು. ಕಲಾಯಿಯವನು ಆ ವರ್ಷ ನಮ್ಮ ಕಡೆ ಬಂದಿರಲಿಲ್ಲ, ಒಳಗಿನ ತವರದ ಬಿಳಿ ಲೇಪ ಪೂರ್ತಿ ಸವೆದು ತಾಮ್ರ ಕಾಣುತ್ತಿತ್ತು. ಯಾರೋ ರಸವನ್ನು ಅದಕ್ಕೆ ಹೊಯ್ದರು, ಅಕ್ಕ ಆಗ ಒಳಗೆ ಚಾಪೆ ಎಳೆಯುತ್ತಿದ್ದಳಂತೆ, ಯಾರೆಂದು ನೋಡಲಿಲ್ಲ. ಯಾರಿಗೂ ಅದು ತಪ್ಪೆಂದು ತೋರಲಿಲ್ಲ, ತೋರುವ ಕಾರಣವೂ ಇರಲಿಲ್ಲ. ತಾಮ್ರ ನಮ್ಮಲ್ಲಿ ಪಾತ್ರೆಗಳಲ್ಲೆಲ್ಲ ಶುದ್ಧ. ಕುಡಿಯುವ ನೀರು ತಾಮ್ರದ್ದು, ದೇವರ ತೀರ್ಥ ತಾಮ್ರದ್ದು. ಔಷಧಿಯನ್ನು ತಾಮ್ರದಲ್ಲಿಟ್ಟರೆ ಇನ್ನಷ್ಟು ಒಳ್ಳೆಯದಾದೀತು ಎಂದೇ ಯಾರಾದರೂ ಅಂದುಕೊಳ್ಳುತ್ತಿದ್ದರು.

ಮಾರನೆಯ ದಿನ ಅಜ್ಜಿ ಅಂಕೋಲೆಗೆ ಯಾರದೋ ಮದುವೆಗೆ ಹೋಗಿದ್ದಳು. ಪಕ್ಕದ ಮನೆಯ ಸಾತಕ್ಕ ತನ್ನ ಮಗಳು ಲೀಲಾಳನ್ನು ಕರೆದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಲೀಲಾ ನನ್ನದೇ ವಯಸ್ಸಿನವಳು, ಮೈತುಂಬ ಗಂಧೆ ಎದ್ದು ಕೆರೆದುಕೊಳ್ಳುತ್ತ ಅಳುತ್ತಿದ್ದಳು. ಹೊನ್ನಕ್ಕ ಬರುವುದು ಸಂಜೆಗೆ ಎಂದಾಗ ಸಾತಕ್ಕ ಅಷ್ಟು ಹೊತ್ತು ಮಗು ತಡೆಯುವುದಿಲ್ಲ, ನೀನೇ ಕೊಡು ಎಂದಳಂತೆ. ಆಯಿ ಕೊಟ್ಟಳು. ಅಜ್ಜಿಯ ಸಕ್ಕರೆಯ ಭರಣಿಯ ಬಟ್ಟೆ ಬಿಚ್ಚಲು ಅವಳಿಗೆ ಧೈರ್ಯ ಬರಲಿಲ್ಲವೋ, ತನ್ನ ಆಗಳ್ ಮೇಲೆ ಅವಳಿಗೆ ಅಷ್ಟು ನಂಬಿಕೆಯಿತ್ತೋ, ಅಂತೂ ತಪ್ಪಲೆಯ ಉಪ್ಪುರಸವನ್ನೇ ಮೊಗೆದು ನೀರು ಬೆರೆಸಿ ಕೊಟ್ಟಳು. ಲೀಲಾ ಅಂಗಳ ದಾಟುವ ಮೊದಲೇ ವಾಂತಿ ಮಾಡಿಕೊಂಡಳು. ಮನೆ ತಲುಪಿದ ಮೇಲೂ ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದವಳನ್ನು ಕೊನೆಗೆ ಸೈಕಲ್ ಮೇಲೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಒಯ್ದರು. ಸಂಜೆಗೆ ಗುಣವಾಗಿ ವಾಪಸ್ಸು ಬಂದಳು. ಆದರೆ ಅಷ್ಟರಲ್ಲಿ ಆಯಿ ಮನೆಯಲ್ಲಿದ್ದ ಉಪ್ಪುರಸವನ್ನೆಲ್ಲ, ಭರಣಿಗಳಲ್ಲಿದ್ದ ಒಳ್ಳೆಯ ಆಗಳ್ ಅನ್ನು ಕೂಡ, ತೆಂಗಿನ ಬುಡಕ್ಕೆ ಸುರಿದಿದ್ದಳು. ತಪ್ಪಲೆಯನ್ನು ನೀರಿನಲ್ಲಿ ಜಾಲಿಸಿ ಬಚ್ಚಲಮನೆಯಲ್ಲಿ ಬೋರಲು ಹಾಕಿದಳು. ತೆಂಗಿನ ಬುಡದ ಮರಳು ಕೆಂಪಾದದ್ದನ್ನು ನಾನು ನೋಡಿದ್ದೇನೆ. ಇದನ್ನು ಅಕ್ಕನೂ ಒಪ್ಪುತ್ತಾಳೆ.

ಕೇರಿಯಲ್ಲಿ ಯಾರೂ ಬಂದು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಾವಿಕಟ್ಟೆಯ ಮಾತು ಮಾತ್ರ ಬದಲಾಯಿತು. ಮಾಜಾಳಿಯವಳ ಕೈಗುಣವೇ ಹಾಗೆ ಎಂದರು. ಕೈಗುಣ ಎಂಬುದು ಬಹಳ ಕೆಟ್ಟ ಮಾತು, ಅದಕ್ಕೆ ಉತ್ತರ ಕೊಡಲು ಬರುವುದಿಲ್ಲ. ಔಷಧಿ ತಪ್ಪಾಗಿದ್ದರೆ ತಿದ್ದಬಹುದು, ಅಳತೆ ತಪ್ಪಾಗಿದ್ದರೆ ತಿದ್ದಬಹುದು, ಕೈಯೇ ಕೆಟ್ಟದ್ದು ಎಂದರೆ ಮನುಷ್ಯ ಏನು ಮಾಡಬೇಕು? ಹಿತ್ತಲ ಬಾಗಿಲಿಗೆ ಬರುವವರು ನಿಂತರು. ಅಜ್ಜಿಯ ಪಾನಕವನ್ನೂ ಯಾರೂ ಕೇಳಲಿಲ್ಲ, ಅದನ್ನೂ ಆ ಕೈಯೇ ಮುಟ್ಟಿರುತ್ತದಲ್ಲ. ಆಯಿ ಉಣ್ಣುವುದನ್ನು ಕಡಿಮೆ ಮಾಡಿದಳು, ನಮಗೆ ಬಡಿಸುವಾಗ ಕೂಡ ಕೈ ಹಿಂದೆಗೆಯುತ್ತಿದ್ದಳು. ಮೀನಿನ ತುಂಡು ಹಾಕುವ ಮೊದಲು ಅಪ್ಪನ ಮುಖ ನೋಡುತ್ತಿದ್ದಳು. ಅಪ್ಪ ಏನೂ ಆಗಿಲ್ಲವೆಂಬಂತೆ ಬಸ್ಸಿನ ವಿಷಯ ಮಾತಾಡುತ್ತಿದ್ದ. ಅಜ್ಜಿ ಏನೂ ಅನ್ನಲಿಲ್ಲ, ಆಯಿಯನ್ನು ಬೈಯಲೂ ಇಲ್ಲ. ಆಯಿಗೆ ಆ ಸುಮ್ಮನಿರುವಿಕೆಯೇ ಹೆಚ್ಚು ಚುಚ್ಚಿತು ಎಂದು ಕಾಣುತ್ತದೆ. ತವರಿಗೆ ಹೇಳಿಕಳಿಸಿದಳು. ಕೆಲವು ದಿನಗಳಲ್ಲಿ ಮಾಜಾಳಿಯಿಂದ ಮಾಮ ಬಂದ. ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದಳು ಆಯಿ. ನನ್ನ ಬಟ್ಟೆಯನ್ನೂ ಚೀಲಕ್ಕೆ ತುಂಬಿದಳು, ಅಕ್ಕನದನ್ನು ತುಂಬಲಿಲ್ಲ. ಅಕ್ಕನಿಗೆ ಇವತ್ತಿಗೂ ಆ ಚೀಲ ಮರೆತಿಲ್ಲ. ಸ್ವಲ್ಪ ದಿನಕ್ಕೆ ಹೋಗುವವರು ಮಗನ ಸ್ಲೇಟನ್ನು ಚೀಲಕ್ಕೆ ಹಾಕುತ್ತಾರೇನೋ ಎಂದು ಕೇಳುತ್ತಾಳೆ.

ಮಾಮ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ. ಬಚ್ಚಲಮನೆಗೆ ಹೋದ ಅಜ್ಜಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ತಾಮ್ರದ ತಪ್ಪಲೆಯನ್ನು ಸೊಂಟದ ಮೇಲೆ ಹೊತ್ತಿದ್ದಳು. ಅಂಗಳದ ನಡುವೆ ಅದನ್ನು ಇಟ್ಟು, ಬೇಲಿಯ ಹತ್ತಿರ ಹೋಗಿ ಸಾತಕ್ಕನನ್ನು ಕರೆದಳು. ಸಾತಕ್ಕ ಒದ್ದೆ ಕೈಯಲ್ಲೇ ಬಂದಳು, ಅವಳ ಹಿಂದೆ ಇನ್ನೂ ಇಬ್ಬರು ಹೆಂಗಸರು. ಅಜ್ಜಿ ತಪ್ಪಲೆಯನ್ನು ಬಿಸಿಲಿಗೆ ವಾಲಿಸಿದಳು. ಈ ದೃಶ್ಯದ ಬಗ್ಗೆ ನನಗೂ ಅಕ್ಕನಿಗೂ ಭಿನ್ನಾಭಿಪ್ರಾಯವಿಲ್ಲ. ಒಳಗೆ ಅರ್ಧದವರೆಗೆ ತಾಮ್ರ ತಿಕ್ಕಿದ ಕೊಡದ ಹಾಗೆ ಕೆಂಪಗೆ ಹೊಳೆಯುತ್ತಿತ್ತು, ಅದರ ಮೇಲೆ ಹಳೆಯ ಮಂಕು. ನಡುವೆ ಗೆರೆ, ರಸ ನಿಂತಿದ್ದ ಮಟ್ಟಕ್ಕೆ.

“ಇದನ್ನ ಯಾರೂ ತಿಕ್ಕಲಿಲ್ಲ ಸಾತು,” ಅಂದಳು ಅಜ್ಜಿ. “ಮುರುಗಲೇ ತಿಕ್ಕಿದ್ದು. ದಿನಾ ಕೊಡ ತಿಕ್ಕೂವಾಗ ಕಿಲುಬು ಎಲ್ ಹೋಗ್ತದೆ ಹೇಳಿ ನಾ ಒಂದಿನಾನೂ ಯೋಚನೆ ಮಾಡ್ಲಿಲ್ಲ. ಈ ಸಲ ನಿನ್ನ ಮಗಳ ಹೊಟ್ಟೆಗೆ ಹೋಯ್ತು.”

ಸಾತಕ್ಕ ಬಗ್ಗಿ ನೋಡಿದಳು, ಬೆರಳಿನಿಂದ ಗೆರೆಯನ್ನು ಸವರಿದಳು. ಅವಳ ಮನೆಯಲ್ಲೂ ಕೊಡ ತಿಕ್ಕುವುದು ಅದೇ ಸಿಪ್ಪೆಯಿಂದ, ಹೆಚ್ಚು ವಿವರಿಸಬೇಕಾಗಿರಲಿಲ್ಲ. ಆದರೆ ಕೈಗುಣದ ಮಾತಿಗೆ ಪಾತ್ರೆಯ ಸಾಕ್ಷಿ ಸಾಲದು. ಹಿಂದೆ ನಿಂತ ಹೆಂಗಸರಲ್ಲಿ ಒಬ್ಬಳು, ಕಲಾಯಿ ಹೋದ ತಪ್ಪಲೆಗೆ ಹುಳಿ ಹೊಯ್ದದ್ದಾದರೂ ಯಾರು ಎಂದು ಕೇಳಿಯೇಬಿಟ್ಟಳು. ಆಗ ಅಜ್ಜಿ ಹೇಳಿದ್ದು:

“ನಾನು. ಗಡಿಬಿಡಿಲಿ ನಾನೇ ಹೊಯ್ದೆ. ಅವಳು ಮೊಗೆದು ಕೊಟ್ಟದ್ದು ಅಷ್ಟೇ. ಕೈಗುಣ ಮಾತಾಡೂದಾದ್ರೆ ನಂದು ಮಾತಾಡಿ.”

ಬಾಗಿಲಲ್ಲಿ ನಿಂತಿದ್ದ ಆಯಿ “ಮಾಂಯ್, ನೀವಲ್ಲ...” ಎಂದು ಶುರುಮಾಡಿದಳು. ಅಜ್ಜಿ ಹಿಂದೆ ತಿರುಗಿ ಕೂಡ ನೋಡದೆ, “ನೀ ಸುಮ್ನಿರು, ನಿನ್ನ ಅಣ್ಣನ ಚಾ ಆರ್ತು, ಬಿಸಿ ಮಾಡು,” ಎಂದಳು. ಆಯಿ ಚಹಾ ಬಿಸಿಮಾಡಲು ಒಳಗೆ ಹೋದಳು. ಮಾಮ ಊಟ ಮುಗಿಸಿ ಒಬ್ಬನೇ ಬಸ್ಸು ಹತ್ತಿದ. ಸ್ಲೇಟು ಚೀಲದಿಂದ ಯಾವಾಗ ಹೊರಗೆ ಬಂತೋ ತಿಳಿಯದು.

ಆಯಿ ಆಡಿದ ಆ ಅರ್ಧ ಮಾತು ಇಡೀ ವಿಷಯವನ್ನು ಕೆಡಿಸುತ್ತದೆ. ಅಕ್ಕನ ಪ್ರಕಾರ ಆಯಿ ಆಗ ಬಾಗಿಲಲ್ಲಿ ಇರಲೇ ಇಲ್ಲ, ಒಳಗೆ ಅಳುತ್ತಿದ್ದಳು, ಅಂಥ ಮಾತು ಯಾರೂ ಆಡಲಿಲ್ಲ. ನನ್ನ ಪ್ರಕಾರ ಆಡಿದಳು. ಆಡಿದ್ದು ನಿಜವಾದರೆ ರಸ ಹೊಯ್ದವಳು ಆಯಿ, ಅಜ್ಜಿ ಕೇರಿಯ ಎದುರು ಸುಳ್ಳು ಹೇಳಿದಳು. ಆಡದಿದ್ದರೆ ಹೊಯ್ದವಳು ಅಜ್ಜಿಯೇ ಇರಬೇಕು, ಮಾಡಿದ್ದನ್ನು ಒಪ್ಪಿಕೊಂಡಳು. ಎಂ.ಎಸ್ಸಿ. ಓದುವಾಗ ಒಮ್ಮೆ ಊರಿನಿಂದ ಮುರುಗಲ ರಸ ಒಯ್ದು ಉಪ್ಪು ಬೆರೆಸಿ, ಒಂದು ಬೀಕರಿನಲ್ಲಿ ತಾಮ್ರದ ತುಂಡು ಹಾಕಿ, ಇನ್ನೊಂದರಲ್ಲಿ ಹಾಕದೆ, ರಾತ್ರಿಯಿಡೀ ಇಟ್ಟೆ. ರಸದ ಕೆಂಪು ಬಣ್ಣ ಪರೀಕ್ಷೆಗೆ ಅಡ್ಡ ಬರುತ್ತದೆಂದು ಎರಡನ್ನೂ ಬತ್ತಿಸಿ, ಸುಟ್ಟು ಬೂದಿ ಮಾಡಿ, ಆಮ್ಲದಲ್ಲಿ ಕರಗಿಸಿ ಅಮೋನಿಯಾ ಬಿಟ್ಟೆ. ತಾಮ್ರವಿದ್ದದ್ದು ಕಡುನೀಲಿಯಾಯಿತು, ಇನ್ನೊಂದು ಆಗಲಿಲ್ಲ. ಬಹಳ ಸಂತೋಷವಾಯಿತು. ರಜೆಗೆ ಬಂದಾಗ ಇದನ್ನು ದೊಡ್ಡ ಸುದ್ದಿಯಂತೆ ಆಯಿಗೆ ಹೇಳಿದೆ. ಅಜ್ಜಿ ಆಗ ತೀರಿಕೊಂಡಿದ್ದಳು. ಆಯಿ ಬಂಗಡೆ ಹೆಚ್ಚುತ್ತ, ಅದು ಮಾಂಯ್‌ಗೆ ಅವತ್ತೇ ಗೊತ್ತಿತ್ತಲ್ಲ ಎಂದಳು. ಹಾಗಾದರೆ ತಪ್ಪಲೆಗೆ ಹೊಯ್ದವರು ಯಾರು ಎಂದು ನೇರವಾಗಿ ಕೇಳಿದೆ.

“ನಿಂಗೆ ಎಂತಕೆ ಪುತಾ ಅದು?” ಅಂದಳು. “ಕೈ ತೊಳ್ಕೊ, ಉಣ್ಣೂಕೆ ಬಾ.”

ಅದಕ್ಕಿಂತ ಹೆಚ್ಚನ್ನು ಅವಳು ಯಾವತ್ತೂ ಹೇಳಲಿಲ್ಲ. ಈಗ ಕೇಳಲು ಅವಳೂ ಇಲ್ಲ. ಕೆಲವು ವರ್ಷ ಇದು ನನ್ನನ್ನು ಕಾಡಿತು, ಉತ್ತರವಿದ್ದೂ ಸಿಗದ ಪ್ರಶ್ನೆ ಎಂಬ ಸಿಟ್ಟು. ಈಗ ಸಿಟ್ಟಿಲ್ಲ. ಅಜ್ಜಿ ನಿಜ ಹೇಳಿದ್ದರೆ, ತನ್ನ ಹೆಸರೇ ಔಷಧಿಯಾಗಿದ್ದ ಊರಿನಲ್ಲಿ ಆ ಹೆಸರನ್ನು ಅಂಗಳಕ್ಕೆ ತಂದಿಟ್ಟವಳ ಮೊಮ್ಮಗ ನಾನು. ಸುಳ್ಳು ಹೇಳಿದ್ದರೆ, ಸೊಸೆಗಾಗಿ ಅದೇ ಹೆಸರನ್ನು ಬಿಟ್ಟುಕೊಟ್ಟವಳ ಮೊಮ್ಮಗ. ಎರಡರಲ್ಲಿ ಯಾವುದು ಸಿಕ್ಕಿದರೂ ನನಗೆ ನಷ್ಟವಿಲ್ಲ. ಯಾರು ಏನು ಹೇಳಿದರೂ ಪಾತ್ರೆಯನ್ನು ಬಿಸಿಲಿಗೆ ಹಿಡಿದು ಗೆರೆ ಎಲ್ಲಿದೆ ನೋಡುವ ನನ್ನ ಚಾಳಿ ಆ ಅಂಗಳದಿಂದಲೇ ಬಂತು ಎಂದು ಹೇಳಲು ಮನಸ್ಸಾಗುತ್ತದೆ. ಅದು ಕೂಡ ಆಮೇಲೆ ಕಟ್ಟಿಕೊಂಡ ಕಥೆ ಇರಬಹುದು. ಮುಂದಿನ ಬೇಸಿಗೆಯ ಒಂದು ನೆನಪಿನ ಬಗ್ಗೆ ಮಾತ್ರ ನನಗೆ ಎಲ್ಲಕ್ಕಿಂತ ಹೆಚ್ಚು ಅನುಮಾನವಿತ್ತು, ಯಾಕೆಂದರೆ ಅದು ಬೇಕಾದ ಹಾಗೆಯೇ ಇತ್ತು: ಲೀಲಾ ಹಿತ್ತಲ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದಾಳೆ, ಅಜ್ಜಿ ಅಡುಗೆಮನೆಯಲ್ಲೇ ಇದ್ದರೂ ಏಳುತ್ತಿಲ್ಲ, ಹೊಸ್ತಿಲ ಈಚೆಯಿಂದ ಆಯಿ ಹೊಯ್ಯುತ್ತಿದ್ದಾಳೆ. ಇಷ್ಟು ಹಿತವಾದದ್ದನ್ನು ಮಕ್ಕಳ ಮನಸ್ಸು ತಾನೇ ಹುಟ್ಟಿಸಿಕೊಳ್ಳುತ್ತದೆ ಎಂದು ಅದನ್ನು ಯಾರಿಗೂ ಹೇಳಿರಲಿಲ್ಲ, ಅಕ್ಕನಿಗೂ.

ಕಳೆದ ಚಳಿಗಾಲದಲ್ಲಿ ಊರಿಗೆ ಹೋದಾಗ ಬೇಲೆಕೇರಿಗೆ ಹೋಗಿ ಲೀಲಾಳನ್ನು ಹುಡುಕಿದೆ. ಅವಳನ್ನು ಅಲ್ಲಿಗೇ ಮದುವೆ ಮಾಡಿಕೊಟ್ಟಿದ್ದರು, ಈಗ ಮೊಮ್ಮಕ್ಕಳ ಅಜ್ಜಿ. ಅವಳಿಗೆ ಏನನ್ನೂ ಸೂಚಿಸಬಾರದೆಂದು ಎಚ್ಚರ ವಹಿಸಿ, ನಮ್ಮ ಮನೆಯ ಮುರುಗಲಿನ ಬಗ್ಗೆ ಏನು ನೆನಪಿದೆ ಎಂದಷ್ಟೇ ಕೇಳಿದೆ. ವಾಂತಿ, ಡಾಕ್ಟರು, ಸೈಕಲ್ಲು ಯಾವುದೂ ಅವಳಿಗೆ ನೆನಪಿಲ್ಲ, ನಾನು ಹೇಳಿದಾಗ ಹೌದಾ ಎಂದು ನಕ್ಕಳು. ಆಮೇಲೆ ತಾನಾಗಿಯೇ, ಮತ್ತೊಂದು ಬೇಸಿಗೆಯಲ್ಲಿ ಗಂಧೆ ಎದ್ದಾಗ ಅವಳ ತಾಯಿ ಸಾತಕ್ಕ ಅವಳ ಕೈಗೆ ಲೋಟ ಕೊಟ್ಟು ನಮ್ಮ ಮನೆಗೆ ಅಟ್ಟಿದ್ದನ್ನು ಹೇಳಿದಳು. ಹೊನ್ನಕ್ಕನ ಸಿಹಿ ಪಾನಕ ಬೇಡ, ಮಾಜಾಳಿಯವಳ ಹತ್ತಿರ ಉಪ್ಪಿನದು ಕೇಳು, ಅವಳೇ ಕೊಡಬೇಕು ಎಂದು ಹೇಳಿ ಕಳಿಸಿದ್ದಳಂತೆ. ಲೀಲಾ ಹಿತ್ತಲ ಬಾಗಿಲಿಗೆ ಬಂದು ಹಾಗೆಯೇ ಕೇಳಿದಳಂತೆ. ಆಯಿಯೇ ಕೊಟ್ಟಳಂತೆ.